ಗೋಡೆಯಿಂದ ಇಳಿದವನು

ಗೂಢಚಾರರ ಚಲನಚಿತ್ರ ಎಂದೊಡನೆ ನಮ್ಮಲ್ಲಿ ಬಹುತೇಕ ಮಂದಿಯ ಕಣ್ಣೆದುರು ಸುಳಿಯುವ ದೃಶ್ಯ ಒಂದೇ. ವೇಗದ ಕಾರು, ಹೊಳೆಯುವ ಪಿಸ್ತೂಲು, ದೂರದೇಶದ ಐಷಾರಾಮಿ ಹೋಟೆಲು, ಕೂದಲು ಕೊಂಕದೆ ಗೆದ್ದು ಬರುವ ನಾಯಕ. ಕನ್ನಡಿಗರಿಗೂ ಈ ನಾಯಕ ಅಪರಿಚಿತನಲ್ಲ. 1968ರಲ್ಲಿ ದೊರೈ-ಭಗವಾನ್ ಜೋಡಿಯ ‘ಜೇಡರ ಬಲೆ’ ತೆರೆಗೆ ಬಂದಾಗ ರಾಜ್‌ಕುಮಾರ್ ಅವರು ಸಿ.ಐ.ಡಿ. 999 ಆಗಿ ನಮ್ಮದೇ ಆದ ಜೇಮ್ಸ್ ಬಾಂಡನನ್ನು ನಮಗೆ ಕೊಟ್ಟರು. ಆ ಚಿತ್ರಗಳನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಅವನ್ನು ನಾನೂ ಸಂತೋಷದಿಂದಲೇ ನೋಡಿದ್ದೇನೆ. ಆದರೆ ಅವುಗಳಲ್ಲಿ ಒಂದು ಪ್ರಶ್ನೆ ಏಳುವುದೇ ಇಲ್ಲ: ನಾಯಕನ ಗೆಲುವಿಗಾಗಿ ಯಾರು ಬೆಲೆ ತೆತ್ತರು? ಸತ್ತವರು ಸತ್ತರು, ಕಥೆ ಮುಂದೆ ಸಾಗಿತು. ಈ ಪ್ರಶ್ನೆಯನ್ನೇ ಎದೆಯಲ್ಲಿಟ್ಟುಕೊಂಡು ಹುಟ್ಟಿದ ಒಂದು ಗೂಢಚಾರ ಚಿತ್ರವಿದೆ. ನನಗೆ ಅತ್ಯಂತ ಪ್ರಿಯವಾದ ಆ ಚಿತ್ರದ ಕುರಿತು ಓದುಗರೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳಲು ಬಯಸುತ್ತೇನೆ.

1965ರ ಕೊನೆಯ ವಾರಗಳಲ್ಲಿ ಪಾಶ್ಚಾತ್ಯ ಚಿತ್ರಮಂದಿರಗಳಿಗೆ ಎರಡು ಗೂಢಚಾರ ಚಿತ್ರಗಳು ಬಂದವು. ಒಂದು, ಬಹಾಮಾಸ್ ದ್ವೀಪಗಳ ನೀಲಿ ಕಡಲನ್ನು ಬಣ್ಣಬಣ್ಣವಾಗಿ ತೋರಿಸಿದ ಬಾಂಡ್ ಚಿತ್ರ ‘ಥಂಡರ್‌ಬಾಲ್’. ಇನ್ನೊಂದು ಕಪ್ಪು-ಬಿಳುಪಿನಲ್ಲಿ ತೆಗೆದ ‘ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದಿ ಕೋಲ್ಡ್’, ಅಂದರೆ ‘ಚಳಿಯಿಂದ ಒಳಬಂದ ಗೂಢಚಾರ’. ಮೊದಲನೆಯದು ರಜೆಯ ಪ್ರವಾಸದಂತಿದ್ದರೆ ಎರಡನೆಯದು ಆತ್ಮಶೋಧನೆಯಂತಿದೆ. ಸ್ವಾರಸ್ಯವೆಂದರೆ, ಈ ಎರಡು ಲೋಕಗಳ ನಡುವೆ ಕೈಗಳು ಬದಲಾಗಿರಲಿಲ್ಲ. ‘ಗೋಲ್ಡ್‌ಫಿಂಗರ್’ ಎಂಬ ಬಾಂಡ್ ಚಿತ್ರದ ಚಿತ್ರಕಥೆಗೆ ಕೈಜೋಡಿಸಿದ್ದ ಪಾಲ್ ಡೆನ್ ಅವರೇ ಗೈ ಟ್ರಾಸ್ಪರ್ ಅವರೊಡನೆ ಈ ಚಿತ್ರಕಥೆಯನ್ನೂ ಬರೆದರು. ಬಾಂಡ್ ಚಿತ್ರಗಳಲ್ಲಿ ‘ಎಮ್’ ಎಂಬ ಮೇಲಧಿಕಾರಿಯಾಗಿ ಗಾಂಭೀರ್ಯದಿಂದ ಆಜ್ಞೆ ನೀಡುತ್ತಿದ್ದ ಬರ್ನಾರ್ಡ್ ಲೀ, ಇಲ್ಲಿ ಸಾಲ ಕೊಡಲೊಪ್ಪದೆ ಗೂಢಚಾರನಿಂದ ಹೊಡೆತ ತಿನ್ನುವ ಸಾಮಾನ್ಯ ದಿನಸಿ ಅಂಗಡಿಯವನು. ಈ ಒಂದು ಪಾತ್ರಹಂಚಿಕೆಯೇ ಚಿತ್ರದ ಮನೋಧರ್ಮವನ್ನು ಸಾರಿ ಹೇಳುತ್ತದೆ.

ನಾನು ಈ ಚಿತ್ರವನ್ನು ಮೊದಲು ನೋಡಿದ್ದು ಗುರುಮಠದಲ್ಲಿ ವಿದ್ಯಾರ್ಥಿಯಾಗಿದ್ದಾಗ. ಬರ್ಲಿನ್ ಗೋಡೆ ಉರುಳಿ ಕೆಲವೇ ವರ್ಷಗಳಾಗಿದ್ದವು. ನಮಗೆ ನೀತಿಶಾಸ್ತ್ರ ಬೋಧಿಸುತ್ತಿದ್ದ ಗುರುಗಳು ಒಂದು ಶನಿವಾರ ಸಂಜೆ ವಿಡಿಯೊ ಕ್ಯಾಸೆಟ್ ತಂದು ಹಾಕಿದರು. ಚಿತ್ರ ಮುಗಿದಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಕೊನೆಗೆ ಸಹಪಾಠಿಯೊಬ್ಬ ಕೇಳಿದ: “ಗುರುಗಳೇ, ಅವನು ಕೊನೆಯಲ್ಲಿ ಮಾಡಿದ್ದು ಆತ್ಮಹತ್ಯೆಯಲ್ಲವೇ?” ಗುರುಗಳು ಉತ್ತರ ಕೊಡಲಿಲ್ಲ. “ಇನ್ನೊಮ್ಮೆ ನೋಡಿ, ಆಮೇಲೆ ಹೇಳಿ” ಎಂದಷ್ಟೇ ಅಂದರು. ಅಂದಿನಿಂದ ನಾನು ಈ ಚಿತ್ರವನ್ನು ಹಲವು ಬಾರಿ ನೋಡಿದ್ದೇನೆ. ಸಹಪಾಠಿಯ ಪ್ರಶ್ನೆಗೆ ಈಗ ನನ್ನಲ್ಲಿ ಒಂದು ಉತ್ತರವಿದೆ. ಅದನ್ನು ಹೇಳಬೇಕಾದರೆ ಕಥೆಯನ್ನು ಕೊನೆಯವರೆಗೂ ಹೇಳಲೇಬೇಕು. ಕಥೆಯ ತಿರುವುಗಳನ್ನು ಮೊದಲೇ ತಿಳಿಯಲು ಇಚ್ಛಿಸದವರು ಚಿತ್ರವನ್ನು ನೋಡಿದ ಬಳಿಕ ಈ ಪುಟಕ್ಕೆ ಮರಳಬಹುದು.

ಕಥೆಯ ಮೂಲ ಜಾನ್ ಲ ಕಾರೆ ಅವರು 1963ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಕಾದಂಬರಿ. ಲ ಕಾರೆ ಎಂಬುದು ಕಾವ್ಯನಾಮ. ನಿಜನಾಮ ಡೇವಿಡ್ ಕಾರ್ನ್‌ವೆಲ್. ಅವರು ಸ್ವತಃ ಬ್ರಿಟಿಷ್ ಗುಪ್ತಚರ ಇಲಾಖೆಯಲ್ಲಿದ್ದವರು. 1961ರ ಆಗಸ್ಟ್ 13ರಂದು ಪೂರ್ವ ಜರ್ಮನಿಯ ಸರ್ಕಾರ ಬರ್ಲಿನ್ ನಗರವನ್ನು ಸೀಳಿ ಮುಳ್ಳುತಂತಿ ಎಳೆದು, ಬಳಿಕ ಗೋಡೆ ಕಟ್ಟಿದಾಗ ಅವರು ಬಾನ್ ನಗರದ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿದ್ದರು. ಒಂದೇ ನಗರದ ಒಂದೇ ಭಾಷೆಯ ಜನರ ನಡುವೆ ರಾತ್ರಿ ಬೆಳಗಾಗುವುದರೊಳಗೆ ಎದ್ದ ಆ ಅಡ್ಡಗಟ್ಟೆಯೇ ಕಾದಂಬರಿಯ ಹಿನ್ನೆಲೆ. 1989ರ ನವೆಂಬರ್ 9ರಂದು ಅದು ತೆರೆಯುವವರೆಗೆ ಅಲ್ಲಿ ಪ್ರಾಣ ಕಳೆದುಕೊಂಡವರು ಕನಿಷ್ಠ 140 ಮಂದಿ.

ಚಿತ್ರವನ್ನು ನಿರ್ದೇಶಿಸಿದವರು ಅಮೆರಿಕದ ಮಾರ್ಟಿನ್ ರಿಟ್. 1950ರ ದಶಕದ ಆರಂಭದಲ್ಲಿ, ಕಮ್ಯುನಿಸ್ಟರನ್ನು ಹುಡುಕಿ ಬೇಟೆಯಾಡುತ್ತಿದ್ದ ಕಾಲದಲ್ಲಿ, ಅವರ ಹೆಸರು ಕರಿಪಟ್ಟಿಗೆ ಸೇರಿ ದೂರದರ್ಶನದ ಕೆಲಸದ ಬಾಗಿಲು ಮುಚ್ಚಿತ್ತು. ಮುಂದೆ 1976ರಲ್ಲಿ ಅದೇ ಕರಿಪಟ್ಟಿಯ ಕುರಿತು ‘ದಿ ಫ್ರಂಟ್’ ಎಂಬ ಚಿತ್ರವನ್ನೂ ಅವರು ಮಾಡಿದರು. ಸ್ವಾತಂತ್ರ್ಯದ ಹೆಸರು ಹೇಳಿಕೊಳ್ಳುವ ದೇಶವೂ ತನ್ನವರನ್ನೇ ಹೇಗೆ ಬಲಿಕೊಡಬಲ್ಲದು ಎಂಬುದನ್ನು ಸ್ವಂತ ಅನುಭವದಿಂದ ಬಲ್ಲವರ ಕೈಯಲ್ಲಿ ಈ ಕಥೆ ಬಿದ್ದದ್ದು ನಮ್ಮ ಭಾಗ್ಯ. ಗೋಡೆಯ ದೃಶ್ಯಗಳಿಗಾಗಿ ಅವರು ಐರ್ಲೆಂಡಿನ ಡಬ್ಲಿನ್ ನಗರದ ಸ್ಮಿತ್‌ಫೀಲ್ಡ್ ಚೌಕದಲ್ಲಿ ಬರ್ಲಿನ್ನಿನ ಗಡಿಠಾಣೆಯನ್ನೇ ಕಟ್ಟಿಸಿದರು. ನೋಡುವಾಗ ಅದು ಕಟ್ಟಿಸಿದ ಗೋಡೆಯೆಂದು ಅನ್ನಿಸುವುದೇ ಇಲ್ಲ.

ಇನ್ನು ಕಥೆ. ಅಲೆಕ್ ಲೀಮಸ್ ಪಶ್ಚಿಮ ಬರ್ಲಿನ್ನಿನಲ್ಲಿ ಬ್ರಿಟಿಷ್ ಗುಪ್ತಚರ ವಿಭಾಗದ ಮುಖ್ಯಸ್ಥ. ಪೂರ್ವದಲ್ಲಿದ್ದ ಅವನ ಮಾಹಿತಿದಾರರೆಲ್ಲ ಒಬ್ಬೊಬ್ಬರಾಗಿ ಹತರಾಗಿದ್ದಾರೆ. ಕೊನೆಯವನು ರಾತ್ರಿ ಬೈಸಿಕಲ್ಲಿನೊಡನೆ ಗಡಿ ದಾಟಲು ಯತ್ನಿಸುತ್ತಾನೆ; ಲೀಮಸ್ ಈಚೆ ನಿಂತು ನೋಡುತ್ತಿರುವಂತೆಯೇ ಗುಂಡಿಗೆ ಬಲಿಯಾಗುತ್ತಾನೆ. ಇದೆಲ್ಲದರ ಹಿಂದಿರುವವನು ಪೂರ್ವ ಜರ್ಮನಿಯ ಗುಪ್ತಚರ ಅಧಿಕಾರಿ ಮುಂಡ್ಟ್. ಲಂಡನ್ನಿಗೆ ಮರಳಿದ ಲೀಮಸ್‌ಗೆ ಮೇಲಧಿಕಾರಿ ಒಂದು ಕೊನೆಯ ಕೆಲಸ ವಹಿಸುತ್ತಾನೆ: ಮುಂಡ್ಟ್‌ನನ್ನು ಅವನ ಜನರ ಕೈಯಿಂದಲೇ ಮುಗಿಸುವುದು. ಅದಕ್ಕಾಗಿ ಲೀಮಸ್ ಕುಡುಕನಾಗಿ, ಕೆಲಸ ಕಳೆದುಕೊಂಡವನಾಗಿ, ಜೈಲು ಕಂಡವನಾಗಿ ನಟಿಸಬೇಕು. ಶತ್ರುಗಳು ಅವನನ್ನು ಹಣಕ್ಕೆ ಕೊಳ್ಳುವಂತಾಗಬೇಕು. ಆಮೇಲೆ ಮುಂಡ್ಟ್ ಬ್ರಿಟಿಷರ ಗುಪ್ತ ಸೇವಕನೆಂಬ ಸಂಶಯ ಹುಟ್ಟುವಂತೆ ಸಾಕ್ಷ್ಯದ ಚೂರುಗಳನ್ನು ಉದುರಿಸಬೇಕು.

ಈ ನಡುವೆ ಒಂದು ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ ಲೀಮಸ್‌ಗೆ ನ್ಯಾನ್ ಪೆರಿ ಎಂಬ ಯುವತಿಯ ಸ್ನೇಹವಾಗುತ್ತದೆ. ಅವಳು ಬ್ರಿಟಿಷ್ ಕಮ್ಯುನಿಸ್ಟ್ ಪಕ್ಷದ ಸದಸ್ಯೆ. ಲೋಕ ಒಳ್ಳೆಯದಾಗುತ್ತದೆ ಎಂದು ನಂಬುವ ಸರಳ ಮನಸ್ಸಿನವಳು. ಯೋಜನೆಯಂತೆ ಲೀಮಸ್ ಪೂರ್ವ ಜರ್ಮನಿ ತಲುಪುತ್ತಾನೆ. ಅಲ್ಲಿ ಅವನನ್ನು ವಿಚಾರಿಸುವವನು ಮುಂಡ್ಟ್‌ನ ಕೈಕೆಳಗಿನ ಅಧಿಕಾರಿ ಫೀಡ್ಲರ್. ಯಹೂದಿಯಾದ ಫೀಡ್ಲರ್‌ಗೆ, ನಾಜಿ ಹಿನ್ನೆಲೆಯ ಮುಂಡ್ಟ್ ದ್ರೋಹಿಯೆಂಬ ಅನುಮಾನ ಮೊದಲೇ ಇತ್ತು. ಲೀಮಸ್ ತಂದ ಚೂರುಗಳು ಆ ಅನುಮಾನಕ್ಕೆ ಆಕಾರ ಕೊಡುತ್ತವೆ. ಮುಂಡ್ಟ್ ನ್ಯಾಯಮಂಡಳಿಯ ಮುಂದೆ ನಿಲ್ಲುತ್ತಾನೆ. ಇನ್ನೇನು ಅವನ ಕಥೆ ಮುಗಿಯಿತು ಎನ್ನುವಾಗ, ಏನೂ ಅರಿಯದ ನ್ಯಾನ್‌ಳನ್ನು ಸಾಕ್ಷಿಯಾಗಿ ಕರೆತರುತ್ತಾರೆ. ಲೀಮಸ್‌ನ ಹಳೆಯ ಸಂಗಡಿಗರು ತನ್ನ ಬಳಿ ಬಂದು ನೆರವಾದರೆಂದು ಆಕೆ ಪ್ರಾಮಾಣಿಕವಾಗಿ ಹೇಳಿದ ಮಾತಿನಿಂದಲೇ ಇಡೀ ಸಾಕ್ಷ್ಯ ಕುಸಿದು ಬೀಳುತ್ತದೆ. ಆಗ ಲೀಮಸ್‌ಗೆ ಹೊಳೆಯುತ್ತದೆ: ಮುಂಡ್ಟ್ ನಿಜವಾಗಿಯೂ ಲಂಡನ್ನಿನ ಮನುಷ್ಯ. ಇಡೀ ನಾಟಕ ಹೂಡಿದ್ದು ಅವನನ್ನು ಕೊಲ್ಲಲು ಅಲ್ಲ, ಉಳಿಸಲು. ಅವನ ನಿಜವನ್ನು ಕಂಡುಹಿಡಿಯುತ್ತಿದ್ದ ಫೀಡ್ಲರ್‌ನನ್ನು ಅಳಿಸಲು.

ಲೀಮಸ್ ಪಾತ್ರದಲ್ಲಿ ರಿಚರ್ಡ್ ಬರ್ಟನ್ ತೋರಿದ ಸಂಯಮವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಅವರ ಕಂಠ ರಂಗಭೂಮಿಯ ಕಂಠ. ಸಭಾಂಗಣದ ಕೊನೆಯ ಸಾಲನ್ನೂ ನಡುಗಿಸಬಲ್ಲದು. ಈ ಚಿತ್ರದಲ್ಲಿ ಅವರು ಆ ಕಂಠವನ್ನು ಮುಚ್ಚಿಟ್ಟುಕೊಂಡಿದ್ದಾರೆ. ಜೋತುಬಿದ್ದ ಹೆಗಲು, ಹಳೆಯ ಮೇಲಂಗಿ, ನಿದ್ದೆಗೆಟ್ಟ ಕಣ್ಣು. ಕುಡುಕನಂತೆ ನಟಿಸುವ ಮನುಷ್ಯ ಎಲ್ಲಿ ನಿಲ್ಲುತ್ತಾನೆ, ನಿಜವಾದ ಕುಡುಕ ಎಲ್ಲಿ ತೊಡಗುತ್ತಾನೆ ಎಂದು ನಮಗೆ ತಿಳಿಯುವುದಿಲ್ಲ, ಅವನಿಗೂ ತಿಳಿಯುವುದಿಲ್ಲ. ಈ ಅಭಿನಯಕ್ಕಾಗಿ ಬರ್ಟನ್ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡರು, ಪ್ರಶಸ್ತಿ ಬರಲಿಲ್ಲ. ಛಾಯಾಗ್ರಾಹಕ ಆಸ್ವಾಲ್ಡ್ ಮಾರಿಸ್ ಅವರ ಕೆಲಸವೂ ಅಷ್ಟೇ ಮಹತ್ವದ್ದು. ಶುದ್ಧ ಕಪ್ಪು ಮತ್ತು ಶುದ್ಧ ಬಿಳುಪು ಈ ಚಿತ್ರದಲ್ಲಿ ಅಪರೂಪ, ತುಂಬಿರುವುದು ಬೂದಿಬಣ್ಣ. ಲಂಡನ್ನಿನ ಮಳೆಯ ಬೀದಿ, ಪೂರ್ವ ಜರ್ಮನಿಯ ವಿಚಾರಣೆಯ ಕೋಣೆ, ಎರಡಕ್ಕೂ ಒಂದೇ ಮಂಕು ಬೆಳಕು. ಗಡಿಯ ಆಚೆಗೂ ಈಚೆಗೂ ವ್ಯತ್ಯಾಸವಿದೆ ಎನ್ನುವವರಿಗೆ ಕ್ಯಾಮೆರಾ ಮೌನವಾಗಿಯೇ ಮರುಪ್ರಶ್ನೆ ಹಾಕುತ್ತದೆ.

ಓದುಗ ಮಿತ್ರರೇ, ಈ ಚಿತ್ರದ ಅತ್ಯಂತ ಭಯಾನಕ ದೃಶ್ಯ ಯಾವುದೆಂದು ಕೇಳಿದರೆ ನಾನು ಗುಂಡಿನ ದೃಶ್ಯಗಳನ್ನು ಹೇಳುವುದಿಲ್ಲ. ಲಂಡನ್ನಿನ ಕಚೇರಿಯಲ್ಲಿ ಮೇಲಧಿಕಾರಿ ಲೀಮಸ್‌ನೊಡನೆ ಮಾತಾಡುವ ದೃಶ್ಯವನ್ನು ಹೇಳುತ್ತೇನೆ. ಅವನಿಗೆ ಹೆಸರಿಲ್ಲ, ‘ಕಂಟ್ರೋಲ್’ ಎಂಬುದು ಹುದ್ದೆಯ ಹೆಸರು. ಸಿರಿಲ್ ಕ್ಯೂಸಾಕ್ ಈ ಪಾತ್ರವನ್ನು ಒಬ್ಬ ಸೌಮ್ಯ ಮೇಷ್ಟರಂತೆ ಅಭಿನಯಿಸಿದ್ದಾರೆ. ದನಿ ಏರುವುದಿಲ್ಲ, ಗದರಿಕೆ ಇಲ್ಲ. ನಮ್ಮ ಉದ್ದೇಶ ಒಳ್ಳೆಯದು ಎಂಬ ಕಾರಣಕ್ಕೆ ನಮ್ಮ ವಿಧಾನಗಳು ಎದುರಾಳಿಯ ವಿಧಾನಗಳಿಗಿಂತ ಮೃದುವಾಗಿರಲು ಸಾಧ್ಯವಿಲ್ಲ ಎಂಬ ಅರ್ಥದ ಮಾತನ್ನು ಆತ ಹವಾಮಾನದ ಬಗ್ಗೆ ಹೇಳಿದಷ್ಟೇ ಸಹಜವಾಗಿ ಹೇಳುತ್ತಾನೆ. ಸಾಮಾನ್ಯ ಜನ ರಾತ್ರಿ ನೆಮ್ಮದಿಯಾಗಿ ಮಲಗಬೇಕಾದರೆ ಯಾರಾದರೂ ಅಹಿತವಾದುದನ್ನು ಮಾಡಲೇಬೇಕಲ್ಲ ಎಂಬುದು ಅವನ ವಾದದ ಸಾರ. ಲೀಮಸ್ ಇನ್ನೂ ಸ್ವಲ್ಪ ಕಾಲ ಹೊರಗೆ ಚಳಿಯಲ್ಲಿರಬೇಕು ಎಂದೂ ಕೇಳಿಕೊಳ್ಳುತ್ತಾನೆ. ‘ಚಳಿ’ ಎಂದರೆ ಇಲ್ಲಿ ಕೇವಲ ಶತ್ರುವಿನ ನೆಲವಲ್ಲ. ಯಾರನ್ನೂ ಪ್ರೀತಿಸದೆ, ಯಾರಿಗೂ ಮರುಗದೆ ಬದುಕುವ ಸ್ಥಿತಿ. ಆ ಚಳಿಯಿಂದ ಒಳಗೆ ಬರುವುದು ಎಂದರೆ ಮನುಷ್ಯರ ನಡುವೆ ಮತ್ತೆ ಮನುಷ್ಯನಾಗುವುದು.

ಒಳಿತು ಬರಲೆಂದು ಕೆಡುಕನ್ನು ಮಾಡಬಾರದು ಎಂಬುದು ನೀತಿಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಗಳಿಸುವುದು ಕಷ್ಟವಲ್ಲ. ಕಷ್ಟವಿರುವುದು ಕಂಟ್ರೋಲ್‌ನ ಸೌಮ್ಯ ದನಿಯನ್ನು ಗುರುತಿಸುವುದರಲ್ಲಿ. ಜನಾಂಗ ಉಳಿಯಬೇಕಾದರೆ ಒಬ್ಬ ಸಾಯುವುದು ಲೇಸು ಎಂದು ಲೆಕ್ಕ ಹಾಕಿದ ಪ್ರಧಾನಯಾಜಕ ಕಾಯಫನೂ ಕಿರುಚಾಡಿದವನಲ್ಲ. ಆತ ಸಭೆಯಲ್ಲಿ ವಿವೇಕದ ಮಾತಾಡಿದ ಹಿರಿಯ. ನಾನೂ ಅನೇಕ ಸಭೆಗಳಲ್ಲಿ ಕುಳಿತವನು. ಬಹಳ ಹಿಂದೆ ಒಂದು ಸಭೆಯಲ್ಲಿ, ಸಂಸ್ಥೆಯ ಹೆಸರು ಉಳಿಯಲೆಂದು ಒಬ್ಬ ಬಡ ಉದ್ಯೋಗಿಯ ತಲೆಗೆ ಎಲ್ಲರ ತಪ್ಪನ್ನೂ ಕಟ್ಟುವ ತೀರ್ಮಾನವಾಯಿತು. ಯಾರೂ ಸಿಟ್ಟಾಗಲಿಲ್ಲ. ಎಲ್ಲರೂ ಮೃದುವಾಗಿಯೇ ಮಾತಾಡಿದೆವು. ನಾನು ವಿರೋಧಿಸಲಿಲ್ಲ. ಅಂದು ರಾತ್ರಿ ನನಗೆ ನೆನಪಾದದ್ದು ಯಾವ ಗ್ರಂಥವೂ ಅಲ್ಲ, ಕ್ಯೂಸಾಕ್ ಅವರ ಮುಖ. ಒಳ್ಳೆಯ ಚಿತ್ರವೊಂದು ಮನುಷ್ಯನಿಗೆ ಮಾಡಬಹುದಾದ ಉಪಕಾರ ಇದು: ತನ್ನ ದನಿಯನ್ನೇ ಇನ್ನೊಬ್ಬನ ಬಾಯಲ್ಲಿ ಕೇಳಿಸುತ್ತದೆ.

ಈ ಚಿತ್ರವನ್ನು ಮೆಚ್ಚುವವರೂ ಸಾಮಾನ್ಯವಾಗಿ ಮರೆಯುವ ಪಾತ್ರ ಫೀಡ್ಲರ್‌ನದು. ಆಸ್ಟ್ರಿಯಾದ ನಟ ಆಸ್ಕರ್ ವೆರ್ನರ್ ಇದನ್ನು ನಿರ್ವಹಿಸಿದ್ದಾರೆ. ಗೋಲ್ಡನ್ ಗ್ಲೋಬ್ ಪ್ರಶಸ್ತಿಯೂ ಅವರಿಗೆ ಸಂದಿತು. ಫೀಡ್ಲರ್ ಸಂತನಲ್ಲ. ಒಂದು ಕ್ರೂರ ವ್ಯವಸ್ಥೆಯ ಅಧಿಕಾರಿ, ತನ್ನ ಸಿದ್ಧಾಂತಕ್ಕಾಗಿ ಕಠೋರನಾಗಲು ಹಿಂಜರಿಯದವನು. ಆದರೆ ಅವನಿಗೆ ಸತ್ಯದ ಹಸಿವಿದೆ. ಲೀಮಸ್‌ನನ್ನು ವಿಚಾರಿಸುವಾಗ ಅವನು ಬರೀ ಮಾಹಿತಿ ಕೇಳುವುದಿಲ್ಲ. ನಿಮ್ಮವರು ಯಾವ ನಂಬಿಕೆಯ ಬಲದಿಂದ ಇದನ್ನೆಲ್ಲ ಮಾಡುತ್ತೀರಿ ಎಂದು ನಿಜವಾದ ಕುತೂಹಲದಿಂದ ಕೇಳುತ್ತಾನೆ. ಲೀಮಸ್‌ನ ಬಳಿ ಉತ್ತರವಿಲ್ಲ, ತಿರಸ್ಕಾರವಿದೆ. ಆದರೂ ಇವರಿಬ್ಬರ ನಡುವೆ ಒಂದು ಗೌರವ ಬೆಳೆಯುತ್ತದೆ. ಮುಂಡ್ಟ್ ಪಾತ್ರದ ಪೀಟರ್ ವಾನ್ ಐಕ್ ಅವರ ತಣ್ಣನೆಯ ಮುಖದ ಪಕ್ಕದಲ್ಲಿ ವೆರ್ನರ್ ಅವರ ಚುರುಕು ಕಣ್ಣುಗಳನ್ನು ಇಟ್ಟು ನೋಡಿದರೆ, ಕಥೆಯ ಅನ್ಯಾಯ ಎಷ್ಟು ದೊಡ್ಡದೆಂದು ಅರ್ಥವಾಗುತ್ತದೆ. ನಾಜಿ ಹಿನ್ನೆಲೆಯವನು ಉಳಿಯಬೇಕು, ಯಹೂದಿ ಸಾಯಬೇಕು. ಆ ಲೆಕ್ಕವನ್ನು ಬರೆದವರು ಹಿಟ್ಲರನನ್ನು ಸೋಲಿಸಿದ ದೇಶದವರು. ಎರಡನೆಯ ಮಹಾಯುದ್ಧ ಮುಗಿದು ಆಗಿನ್ನೂ 20 ವರ್ಷವಾಗಿತ್ತು. ಅಂದಿನ ಪ್ರೇಕ್ಷಕರಿಗೆ ಇದು ಎಷ್ಟು ಚುಚ್ಚಿರಬೇಕೆಂದು ಊಹಿಸಿಕೊಳ್ಳಿ.

ಇನ್ನು ಕಾರಿನ ದೃಶ್ಯ. ಮುಂಡ್ಟ್‌ನೇ ಲೀಮಸ್ ಮತ್ತು ನ್ಯಾನ್‌ರನ್ನು ರಾತ್ರಿ ಬಿಡುಗಡೆ ಮಾಡಿ ಗೋಡೆಯತ್ತ ಕಳಿಸುತ್ತಾನೆ. ದಾರಿಯಲ್ಲಿ ನಡೆದುದನ್ನೆಲ್ಲ ಅರಿತ ನ್ಯಾನ್ ತತ್ತರಿಸುತ್ತಾಳೆ. ಲೀಮಸ್ ಸಿಡಿಯುತ್ತಾನೆ. ಗೂಢಚಾರರೆಂದರೆ ದೇವರ ವಾಕ್ಯವನ್ನೋ ಕಾರ್ಲ್ ಮಾರ್ಕ್ಸ್‌ನ ಮಾತನ್ನೋ ಮುಂದಿಟ್ಟುಕೊಂಡು ಪ್ರತಿಯೊಂದು ಕೃತ್ಯವನ್ನು ಅಳೆಯುವ ತತ್ತ್ವಜ್ಞಾನಿಗಳೆಂದು ತಿಳಿದೆಯಾ, ಅವರು ನನ್ನಂಥ ಕೊಳಕು, ಕ್ಷುದ್ರ ಮನುಷ್ಯರು ಎಂಬ ಅರ್ಥದಲ್ಲಿ ಕೂಗಾಡುತ್ತಾನೆ. ಅಲ್ಲಿಯವರೆಗೆ ಮುಚ್ಚಿಟ್ಟಿದ್ದ ಕಂಠವನ್ನು ಬರ್ಟನ್ ಇಲ್ಲೊಮ್ಮೆ ತೆರೆಯುತ್ತಾರೆ. ಈ ಮಾತನ್ನು ಚಿತ್ರದ ಸಂದೇಶವೆಂದು ಅನೇಕರು ಉದ್ಧರಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವನು ವಾದಿಸುತ್ತಿರುವುದು ನ್ಯಾನ್‌ಳೊಡನೆ ಅಲ್ಲ, ತನ್ನೊಡನೆ. ಕಂಟ್ರೋಲ್‌ನ ಸೌಮ್ಯ ವಾದವನ್ನೇ ಅವನು ಕಿರುಚಿ ಹೇಳುತ್ತಿದ್ದಾನೆ. ಕಿರುಚದೆ ಹೇಳಲು ಅವನಿಂದ ಸಾಧ್ಯವಾಗುತ್ತಿಲ್ಲ. ವಾದ ಒಂದೇ, ದನಿ ಬೇರೆ. ತಾನು ಹೇಳುವುದನ್ನು ತಾನೇ ನಂಬಲಾರದವನ ದನಿ ಅದು. ದೇವರ ವಾಕ್ಯದ ಅಳತೆಗೋಲನ್ನು ಬೇಡವೆಂದು ಎಸೆಯುವವನು ಅದರ ಹೆಸರನ್ನೇಕೆ ಎತ್ತಬೇಕು? ಅಳತೆಗೋಲು ಕೈಯಿಂದ ಜಾರಿದೆ, ಮನಸ್ಸಿನಿಂದ ಹೋಗಿಲ್ಲ.

ಈಗ ಗೋಡೆ. ಹತ್ತಲು ಎಲ್ಲ ಏರ್ಪಾಡಾಗಿದೆ. ಲೀಮಸ್ ಮೇಲೇರಿ ನ್ಯಾನ್‌ಳ ಕೈ ಹಿಡಿದು ಎಳೆಯುತ್ತಾನೆ. ಒಮ್ಮೆಲೇ ಬೆಳಕು, ಗುಂಡು. ನ್ಯಾನ್ ಕೆಳಗೆ ಬೀಳುತ್ತಾಳೆ. ಅದು ಆಕಸ್ಮಿಕವಲ್ಲ, ಮುಂಡ್ಟ್‌ನ ಗುಟ್ಟು ತಿಳಿದ ಅವಳು ಬದುಕಿ ಉಳಿಯುವಂತಿರಲಿಲ್ಲ. ಲೀಮಸ್‌ಗೆ ಮಾತ್ರ ದಾರಿ ತೆರೆದಿದೆ. ಪಶ್ಚಿಮದ ಕಡೆಯಿಂದ ಅವನ ಜನ ಹಾರು ಎಂದು ಕೂಗುತ್ತಾರೆ. ಅವನು ಗೋಡೆಯ ಮೇಲಿದ್ದಾನೆ. ಒಂದು ಕಡೆ ಮನೆ, ಪಿಂಚಣಿ, ಬೆಚ್ಚನೆಯ ಕೋಣೆ. ಇನ್ನೊಂದು ಕಡೆ ಒಬ್ಬ ಸತ್ತ ಹೆಂಗಸು. ಅವನು ನಿಧಾನವಾಗಿ ಪೂರ್ವದ ಕಡೆಗೆ ಇಳಿಯುತ್ತಾನೆ. ಅವಳ ಬಳಿ ನಿಲ್ಲುತ್ತಾನೆ. ಗುಂಡಿನ ಸದ್ದು. ಚಿತ್ರ ಮುಗಿಯುತ್ತದೆ.

ಇದು ಆತ್ಮಹತ್ಯೆಯೇ? ನನ್ನ ಸಹಪಾಠಿಯ ಪ್ರಶ್ನೆಗೆ ಉತ್ತರ ಹುಡುಕುವಾಗ ಚಿತ್ರದ ಮೊದಲ ದೃಶ್ಯವನ್ನು ನೆನಪಿಸಿಕೊಳ್ಳಬೇಕು. ಅಲ್ಲಿಯೂ ಒಬ್ಬ ಮನುಷ್ಯ ಗಡಿಯಲ್ಲಿ ಗುಂಡೇಟಿಗೆ ಬೀಳುತ್ತಾನೆ. ಲೀಮಸ್ ಸುರಕ್ಷಿತವಾದ ಬದಿಯಲ್ಲಿ ನಿಂತು ನೋಡುತ್ತಾನೆ. ಕೊನೆಯಲ್ಲಿ ಮತ್ತೆ ಅದೇ ಸನ್ನಿವೇಶ. ಮತ್ತೆ ಸುರಕ್ಷಿತ ಬದಿಯಿಂದ ನೋಡುವ ಅವಕಾಶ ಅವನಿಗಿದೆ. ಈ ಬಾರಿ ಅವನು ನೋಡುತ್ತ ನಿಲ್ಲುವುದಿಲ್ಲ. ರಿಟ್ ಈ ಎರಡು ದೃಶ್ಯಗಳನ್ನು ಒಂದಕ್ಕೊಂದು ಎದುರಾಗಿ ಇಟ್ಟಿರುವುದು ಸುಮ್ಮನೆ ಅಲ್ಲ. ಬರ್ಟನ್ ಅವರ ಮುಖವನ್ನೂ ಗಮನಿಸಿ. ಅಲ್ಲಿ ಉದ್ವೇಗವಿಲ್ಲ, ಅಳುವಿಲ್ಲ. ಚಿತ್ರದುದ್ದಕ್ಕೂ ನಟಿಸುತ್ತಲೇ ಇದ್ದ ಮನುಷ್ಯ ಮೊದಲ ಬಾರಿಗೆ ನಟಿಸುವುದನ್ನು ನಿಲ್ಲಿಸಿದ ಮುಖ ಅದು. ಸಾಯಬೇಕೆಂದು ಇಳಿಯುವವನಿಗೂ ಅವಳ ಪಕ್ಕದಲ್ಲಿರಬೇಕೆಂದು ಇಳಿಯುವವನಿಗೂ ವ್ಯತ್ಯಾಸವಿದೆ. ಅವನು ಆರಿಸಿಕೊಂಡದ್ದು ಜೊತೆಯನ್ನು. ಸಾವನ್ನು ಕೊಟ್ಟವರು ಬೇರೆಯವರು. ಆ ಗೋಡೆಯಿಂದ ಹಾರಿದ್ದರೆ, ಅವಳ ಸಾವಿನ ಲಾಭ ಪಡೆದವರ ಪಟ್ಟಿಯಲ್ಲಿ ಅವನ ಹೆಸರೂ ಸೇರುತ್ತಿತ್ತು. ಲೆಕ್ಕಕ್ಕೆ ರುಜು ಹಾಕಲು ಅವನು ಒಪ್ಪಲಿಲ್ಲ, ಅಷ್ಟೆ. ಇಲ್ಲಿ ನಿರಾಶೆ ಇಲ್ಲವೆಂದು ನಾನು ಹೇಳಲಾರೆ. ಆದರೆ ನಿರಾಶೆಗಿಂತ ದೊಡ್ಡದೊಂದು ಇದೆ. ಚಿತ್ರದ ಶೀರ್ಷಿಕೆಯ ಅರ್ಥ ಅಲ್ಲಿ ಬಿಚ್ಚಿಕೊಳ್ಳುತ್ತದೆ: ಅವನು ಚಳಿಯಿಂದ ಒಳಗೆ ಬಂದದ್ದು ಪಶ್ಚಿಮಕ್ಕೆ ಹಾರಿ ಅಲ್ಲ, ಪೂರ್ವಕ್ಕೆ ಇಳಿದು.

ಇದು ಬರೀ ಕಲ್ಪನೆಯ ಗೋಡೆಯಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು. 1962ರ ಆಗಸ್ಟ್ 17ರಂದು 18 ವರ್ಷದ ಪೀಟರ್ ಫೆಕ್ಟರ್ ಎಂಬ ತರುಣ ಅದೇ ಗಡಿಠಾಣೆಯ ಸಮೀಪ ಗೋಡೆ ದಾಟುವಾಗ ಗುಂಡೇಟು ತಿಂದು ಪೂರ್ವದ ಬದಿಯಲ್ಲಿ ಬಿದ್ದ. ಸುಮಾರು ಒಂದು ಗಂಟೆ ನೆರವಿಗಾಗಿ ಕೂಗುತ್ತ, ರಕ್ತ ಸುರಿಸುತ್ತ ಬಿದ್ದಿದ್ದ. ಎರಡೂ ಕಡೆ ಜನರಿದ್ದರು, ಸೈನಿಕರಿದ್ದರು. ಅವನು ಪ್ರಾಣ ಬಿಡುವ ಮೊದಲು ಯಾರೂ ಬಳಿಗೆ ಹೋಗಲಿಲ್ಲ. ಕಾದಂಬರಿ ಬಂದದ್ದು ಅದರ ಮರುವರ್ಷ. ಆ ಕೂಗನ್ನು ಮರೆಯದಿದ್ದ ಪ್ರೇಕ್ಷಕರ ಎದುರು ಲೀಮಸ್ ಗೋಡೆಯಿಂದ ಇಳಿದ.

ಅಭಿಮಾನಿಯಾದರೂ ಕೊರತೆಗಳನ್ನು ಮುಚ್ಚಿಡುವುದು ಸರಿಯಲ್ಲ. ಕ್ಲೇರ್ ಬ್ಲೂಮ್ ಸಮರ್ಥ ನಟಿ. ಆದರೂ ನ್ಯಾನ್ ಪಾತ್ರವನ್ನು ಚಿತ್ರಕಥೆ ತೆಳುವಾಗಿಯೇ ಬಿಟ್ಟಿದೆ. ಅವಳು ನಂಬುತ್ತಾಳೆ, ಪ್ರೀತಿಸುತ್ತಾಳೆ, ಸಾಯುತ್ತಾಳೆ. ಅವಳ ನಂಬಿಕೆಗೆ ಒಂದು ಒಳಬದುಕಿದೆ ಎಂದು ತೋರಿಸುವ ತಾಳ್ಮೆ ಚಿತ್ರಕ್ಕಿಲ್ಲ. ಇಲಾಖೆ ಅವಳನ್ನು ಉಪಕರಣವಾಗಿ ಬಳಸಿದ್ದನ್ನು ಖಂಡಿಸುವ ಕಥೆಯೇ ಅವಳನ್ನು ಸ್ವಲ್ಪಮಟ್ಟಿಗೆ ಉಪಕರಣವಾಗಿಸಿಕೊಂಡಿದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಕೊನೆಯ ದೃಶ್ಯದ ದುಃಖ ಎಷ್ಟು ಪೂರ್ಣವಾಗಿದೆಯೆಂದರೆ, ಅದರಲ್ಲಿ ಫೀಡ್ಲರ್ ಕೊಚ್ಚಿಹೋಗುತ್ತಾನೆ. ಅವನ ಅಂತ್ಯವನ್ನು ಚಿತ್ರ ನಮಗೆ ತೋರಿಸುವುದಿಲ್ಲ. ಇಬ್ಬರಿಗಾಗಿ ಕಣ್ಣು ತೇವ ಮಾಡಿಕೊಂಡು ನಾವು ಎದ್ದುಬಿಡುತ್ತೇವೆ; ಇಡೀ ಸಂಚು ಯಾರನ್ನು ಅಳಿಸಲು ಹೂಡಿದ್ದೋ ಅವನು ನೆನಪಿಗೇ ಬರುವುದಿಲ್ಲ. ಹಾಗೆ ನೋಡಿದರೆ ಸಂಚು ನಮ್ಮ ಮೇಲೂ ಗೆದ್ದಂತೆಯೇ.

ಲ ಕಾರೆ ಅವರಿಗೂ ಈ ಕಥೆಯ ಲೆಕ್ಕ ಮುಗಿದಿರಲಿಲ್ಲವೆಂದು ಕಾಣುತ್ತದೆ. 2017ರಲ್ಲಿ, ಮೊದಲ ಕಾದಂಬರಿಯ 54 ವರ್ಷಗಳ ಬಳಿಕ, ಅವರು ‘ಎ ಲೆಗಸಿ ಆಫ್ ಸ್ಪೈಸ್’ ಎಂಬ ಕಾದಂಬರಿಯಲ್ಲಿ ಇದೇ ಪ್ರಕರಣಕ್ಕೆ ಮರಳಿದರು. ಅಲ್ಲಿ ಸತ್ತವರ ಮಕ್ಕಳು ಬಂದು ಇಲಾಖೆಯಿಂದ ಉತ್ತರ ಕೇಳುತ್ತಾರೆ. ವೃದ್ಧರಾದ ಹಳೆಯ ಅಧಿಕಾರಿಗಳು ಕಡತಗಳ ಮುಂದೆ ಕೂರಬೇಕಾಗುತ್ತದೆ. 2020ರ ಡಿಸೆಂಬರ್‌ನಲ್ಲಿ ಲ ಕಾರೆ ತೀರಿಕೊಂಡರು. ಬದುಕಿನ ಕೊನೆಯ ವರ್ಷಗಳಲ್ಲಿ ತನ್ನ ಅತ್ಯಂತ ಜನಪ್ರಿಯ ಕಥೆಯನ್ನು ಮತ್ತೆ ತೆರೆದು, ಅದರ ಬೆಲೆ ತೆತ್ತವರು ಯಾರು ಎಂದು ಕೇಳಿಕೊಂಡ ಲೇಖಕನ ಬಗ್ಗೆ ನನಗೆ ಗೌರವವಿದೆ. ಹಳೆಯ ತೀರ್ಮಾನಗಳ ಕಡತವನ್ನು ಹಾಗೆ ತೆರೆಯುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗಿದೆ?

ಬರ್ಲಿನ್ ಗೋಡೆ ಇಂದು ಇಲ್ಲ. ಅದರ ಕೆಲವು ತುಂಡುಗಳು ಸ್ಮಾರಕಗಳಾಗಿ ನಿಂತಿವೆ. ಬರ್ಟನ್ ಮತ್ತು ವೆರ್ನರ್ ಇಬ್ಬರೂ 1984ರಲ್ಲಿ, ಎರಡೂವರೆ ತಿಂಗಳ ಅಂತರದಲ್ಲಿ, ತೀರಿಕೊಂಡರು. ಗೋಡೆ ಬಿದ್ದುದನ್ನು ಅವರು ನೋಡಲಿಲ್ಲ. ಆದರೂ ಈ ಚಿತ್ರ ಹಳತಾಗಿಲ್ಲ. ಒಂದು ದೊಡ್ಡ ಒಳಿತಿಗಾಗಿ ಒಬ್ಬ ಚಿಕ್ಕ ಮನುಷ್ಯನನ್ನು ಬಿಟ್ಟುಕೊಡೋಣ ಎಂಬ ಮಾತು ದೇಶಗಳ ಗುಪ್ತ ಕಚೇರಿಗಳಲ್ಲಷ್ಟೇ ಅಲ್ಲ, ನಮ್ಮ ನಿಮ್ಮ ಸಭೆಗಳಲ್ಲಿ, ಮನೆಗಳಲ್ಲಿ, ಮೃದುವಾದ ದನಿಯಲ್ಲಿ ಕೇಳಿಬರುತ್ತಲೇ ಇದೆ.

ಓದುಗರೇ, ಅವಕಾಶ ಸಿಕ್ಕರೆ ಈ ಚಿತ್ರವನ್ನು ಒಮ್ಮೆ ನೋಡಿ. ಮೊದಲ ಸಲ ಕಥೆಯ ಗೋಜಲಿನಲ್ಲಿ ದಾರಿ ತಪ್ಪಿದಂತಾದರೆ ಬೇಸರಿಸಬೇಡಿ. ನಮ್ಮ ಗುರುಗಳು ಹೇಳಿದಂತೆ ಇನ್ನೊಮ್ಮೆ ನೋಡಿ. ಎರಡನೆಯ ಸಲ ನೋಡುವಾಗ, ಕೊನೆಯ ದೃಶ್ಯ ಮುಗಿದು ತೆರೆ ಕತ್ತಲಾದ ಮೇಲೆ ಫೀಡ್ಲರ್‌ನನ್ನೂ ಒಂದು ಕ್ಷಣ ನೆನೆಯಿರಿ. ಆಮೇಲೆ, ನಿಮಗಾಗಿ ಯಾರಾದರೂ ಸದ್ದಿಲ್ಲದೆ ಬೆಲೆ ತೆತ್ತಿದ್ದರೆ, ಅವರನ್ನೂ.